ಸ್ಟುಡಿಯೋ ಆಂಟಿ ಬರೆದ ಮುಖ

ಬಲಗೈಗೆ ಹಳೆಯ ಕಾಲುಚೀಲ ತೊಟ್ಟು, ಅದರ ತೂತುಗಳಿಂದ ಹೆಬ್ಬೆರಳು, ತೋರುಬೆರಳು ಮಾತ್ರ ಹೊರಗೆ ಬಿಟ್ಟುಕೊಂಡು ಬರೆಯುತ್ತಿದ್ದ ಸ್ಟುಡಿಯೋ ಆಂಟಿಗೆ ಜ್ವರ ಬರಬಹುದಿತ್ತು. ಕರೆಂಟು ಹೋಗಿ ಕಂಪ್ಯೂಟರಿನಲ್ಲಿದ್ದ ಅಜ್ಜಿಯ ಚಿತ್ರ ಅಳಿಸಿಹೋಗಬಹುದಿತ್ತು. ಪ್ರಿಂಟ್ ಹಾಕುವವರ ಮೆಷೀನು ಅಜ್ಜಿಯನ್ನು ಹಸಿರು ಮಾಡಬಹುದಿತ್ತು. ಹಲಸೂರಿನಿಂದ ದೊಮ್ಮಲೂರಿಗೆ ಬರುವ ಆಟೋ ಹಂಪ್ ಹಾರಿ ಫ್ರೇಮಿನ ಗಾಜು ಒಡೆಯಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಚಿತ್ರ ಮನೆ ಸೇರುವಷ್ಟರಲ್ಲಿ ಅಮ್ಮನ ಕಣ್ಣು ಪೂರ್ತಿ ಹೋಗಿಬಿಡಬಹುದಿತ್ತು. ಇದೆಲ್ಲವನ್ನೂ ನಾನು ಮುಂಗಡವಾಗಿ ಅನುಭವಿಸಿ ಮುಗಿಸಿದ್ದೆ. ಐವತ್ತು ದಾಟಿದ ಮೇಲೆ ನಾನು ತಪ್ಪದೆ ಮಾಡುವ ವ್ಯಾಯಾಮ ಅದೊಂದೇ.

ಆಂಟಿ ತೀರಿಹೋಗಿ ವರ್ಷವಾಯಿತು. ಅವರ ಯಜಮಾನರು ಹಲಸೂರಿನ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದರು. ನನ್ನ ಹಾಲ್ ಟಿಕೆಟ್ಟಿನ ಗಾಬರಿ ಮುಖವನ್ನು ಸೆರೆಹಿಡಿದವರು ಅವರೇ. ಕಪ್ಪುಬಿಳುಪು ಫೋಟೋಗಳಿಗೆ ಹತ್ತಿ ಸುತ್ತಿದ ಕಡ್ಡಿಯಿಂದ ಬಣ್ಣ ಹಚ್ಚುವುದು ಆಂಟಿಯ ಪಾಲು. ಯಜಮಾನರು ತೀರಿಕೊಂಡ ಮೇಲೆ ಕ್ಯಾಮೆರಾ ಮಾರಿ, ಒಂದು ಕಂಪ್ಯೂಟರನ್ನೂ ಅದಕ್ಕೆ ಜೋಡಿಸುವ ಕಪ್ಪು ಹಲಗೆಯನ್ನೂ ತಂದರು. ಬರೆಯುವುದು ಹಲಗೆಯ ಮೇಲೆ, ಚಿತ್ರ ಮೂಡುವುದು ಎದುರಿನ ಪರದೆಯ ಮೇಲೆ. ಬೆವರಿದ ಕೈ ಹಲಗೆಗೆ ಅಂಟದಿರಲಿ ಎಂದು ಕಾಲುಚೀಲ. ಮನೆಮಾತು ತಮಿಳು, ಅಹಂಕಾರ ಮಾತ್ರ ಎಲ್ಲ ಭಾಷೆಯಲ್ಲೂ. ತಮ್ಮ ಕೆಲಸವನ್ನು ತಾವೇ ನೋಡಿ, "ಎಷ್ಟು ಚೆನ್ನಾಗ್ ಮಾಡಿದೀನಿ ನೋಡಪ್ಪಾ" ಎನ್ನಲು ಅವರಿಗೆ ಸಂಕೋಚವೇ ಇರಲಿಲ್ಲ.

ನಮ್ಮಲ್ಲಿ ಮಹಾಲಯ ಅಮಾವಾಸ್ಯೆಗೆ ತೀರಿಕೊಂಡವರ ಫೋಟೋ ಮುಂದೆ ಎಡೆ ಇಡುತ್ತಾರೆ. ಅಮ್ಮನ ಅಮ್ಮನಿಗೆ ಮಾತ್ರ ಫೋಟೋ ಇರಲಿಲ್ಲ. ಅಮ್ಮ ಇನ್ನೂ ಚಿಕ್ಕ ಹುಡುಗಿಯಾಗಿದ್ದಾಗಲೇ ಹೋದವರು. ಅವರ ಜಾಗದಲ್ಲಿ ಮಣೆಯ ಮೇಲೆ ಮಡಿಸಿದ ಸೀರೆ ಇಡುತ್ತಿದ್ದೆವು. ಕಣ್ಣಿನ ಡಾಕ್ಟರು ಅಮ್ಮನ ದೃಷ್ಟಿ ಇನ್ನು ಹೆಚ್ಚು ದಿನ ಉಳಿಯುವುದಿಲ್ಲ ಎಂದ ದಿನ, ಅಮ್ಮ ಮನೆಗೆ ಬಂದು ಕೇಳಿದ್ದು ಒಂದೇ: ತನ್ನ ಅಮ್ಮನ ಮುಖ ಒಂದು ಸಲ ನೋಡಬೇಕು.

ನಾನು ಮೊದಲು ಮೊಬೈಲಿನಲ್ಲಿ ಕೇಳಿದ ಚಿತ್ರ ಬರೆದುಕೊಡುವ ಆ್ಯಪ್ ಒಂದರಲ್ಲಿ ಪ್ರಯತ್ನಿಸಿದೆ. ಕ್ಷಣದಲ್ಲಿ ಧಾರಾವಾಹಿಯ ಸೊಸೆಯಂಥ ಒಬ್ಬಳು ಬಂದಳು. ಅಮ್ಮ ಮರ್ಯಾದೆಗೆ ನೋಡಿ, "ಯಾರೋ ಚೆನ್ನಾಗಿದ್ದಾಳೆ" ಎಂದಳು. ಅದನ್ನು ಆಂಟಿಗೆ ಹೇಳಿದಾಗ ಅವರು ನಗಲಿಲ್ಲ. ಅಮ್ಮನನ್ನು ಕರೆದುಕೊಂಡು ಬಾ, ಬಾಣಸವಾಡಿಯ ದೊಡ್ಡಮ್ಮನನ್ನೂ ಕರೆದುಕೊಂಡು ಬಾ ಎಂದರು. ದೊಡ್ಡಮ್ಮ ಅಮ್ಮನಿಗಿಂತ ದೊಡ್ಡವಳು, ಹೆಚ್ಚು ನೆನಪಿದ್ದವಳು.

ಆಂಟಿಯ ರೀತಿ ವಿಚಿತ್ರವಾಗಿತ್ತು. ಅಜ್ಜಿ ಹೇಗಿದ್ದರು ಎಂದು ಅವರು ಕೇಳಲೇ ಇಲ್ಲ. ಅಕ್ಕತಂಗಿಯರ ಮುಖಗಳನ್ನು ನೋಡಿ ತಮಗೆ ತೋಚಿದ ಒಂದು ಮುಖ ಬರೆದು, "ಚೆನ್ನಾಗಿದೆ ಅನ್ಬೇಡಿ ಅಕ್ಕಾ. ಎಲ್ಲಿ ತಪ್ಪು ಅಂತ ಬೈರಿ" ಎಂದರು. ನೆನಪಿಲ್ಲ ಎನ್ನುತ್ತಿದ್ದ ಇಬ್ಬರೂ ತಪ್ಪು ಹುಡುಕಲು ಶುರುಮಾಡಿದರೆ ನಿಲ್ಲಲೇ ಇಲ್ಲ. ಮೂಗು ಇಷ್ಟು ಚೂಪಿರಲಿಲ್ಲ, ಒಂದು ಹುಬ್ಬು ಕೊಂಚ ಮೇಲಿತ್ತು. ಪ್ರತಿ ಬೈಗುಳಕ್ಕೂ ಆಂಟಿ ಹಳೆಯದನ್ನು ಅಳಿಸದೆ, ಗಾಜಿನ ಮೇಲೆ ಗಾಜು ಇಟ್ಟಂತೆ ಹೊಸ ಪದರ ಹಾಕಿ ಬರೆಯುತ್ತಿದ್ದರು. ಬೇಡವೆಂದರೆ ಆ ಪದರ ಮಾಯ, ಕೆಳಗಿನ ಮುಖ ಹಾಗೇ ಇರುತ್ತಿತ್ತು. "ಮುಂಚೆ ಒಂದು ತಪ್ಪಾದ್ರೆ ಫೋಟೋನೇ ಹಾಳಾಗ್ತಿತ್ತು" ಎಂದರು ಒಮ್ಮೆ. "ಈ ವಯಸ್ಸಲ್ಲಿ ತಪ್ಪು ಮಾಡೋಕ್ಕೆ ಧೈರ್ಯ ಬಂತು ನೋಡು."

ಅಮ್ಮನಿಗೆ ಕಾಣುವುದಿಲ್ಲವೆಂದು ಅವರು ಒಂದು ಕಣ್ಣನ್ನು ಪರದೆಯ ಮೇಲೆ ಊಟದ ತಟ್ಟೆಯಷ್ಟು ಹಿಗ್ಗಿಸಿದರು. ಅಮ್ಮ ಪರದೆಗೆ ಮೂಗು ತಾಗಿಸಿ ರೆಪ್ಪೆಯಿಂದ ರೆಪ್ಪೆಗೆ ತಲೆ ಹೊರಳಿಸುತ್ತಾ ನೋಡಿದಳು. ಕಾಲುಚೀಲದ ಕೈ ಅಲ್ಲೊಂದು ಬೆಳಕಿನ ಚುಕ್ಕಿ ಇಟ್ಟಿತು. ಕಣ್ಣಿಗೆ ಜೀವ ಬಂತು. ನಾನು ಎದ್ದು ನಿಂತಿದ್ದೆ, ಯಾಕೆಂದು ಗೊತ್ತಿಲ್ಲ. ಬಣ್ಣವಿಲ್ಲ, ಕಾಗದವಿಲ್ಲ, ಬರೀ ಬೆಳಕು. ಅದರೊಳಗಿಂದ ಯಾರೋ ನಮ್ಮನ್ನು ನೋಡುತ್ತಿದ್ದರು.

ಆದರೂ ಕೊನೆಯ ದಿನ ಅಮ್ಮ ಹೇಳಿದಳು: "ಎಲ್ಲಾ ಸರಿಯಾಗಿದೆ ಕಣಮ್ಮಾ. ಆದ್ರೆ ನಮ್ಮಮ್ಮ ಅಲ್ಲ."

ಆಂಟಿಯ ಮುಖ ಕಪ್ಪಿಟ್ಟಿತು. ತಪ್ಪು ಎಲ್ಲಿದೆಯೆಂದು ಅಮ್ಮನಿಗೂ ಹೇಳಲಾಗಲಿಲ್ಲ. ನಾಳಿದ್ದು ಅಮಾವಾಸ್ಯೆ. ಮಧ್ಯಾಹ್ನವೆಲ್ಲ ಒಬ್ಬರೇ ಕೂತು ತಿದ್ದಿ, ಸಂಜೆ ಪ್ರಿಂಟಿಗೆ ಕಳಿಸಿದರು. ಫ್ರೇಮನ್ನು ನಾನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ತಂದೆ. ಗಾಜು, ಬಣ್ಣ, ಕೊಕ್ಕೆ, ಎಲ್ಲ ಪರೀಕ್ಷಿಸಿದ್ದೆ.

ಅಮಾವಾಸ್ಯೆಯ ದಿನ ಎಡೆ ಇಡುವ ಮುನ್ನ ಅಮ್ಮ ಫ್ರೇಮಿಗೆ ಮುಖ ಹತ್ತಿರ ತಂದಳು. ಹಣೆಯಿಂದ ಗಲ್ಲದವರೆಗೆ ಕಣ್ಣಾಡಿಸಿದಳು. "ಬಂದ್ಬಿಟ್ಲು" ಎಂದಳು.

ಆಗ ನನ್ನ ಹೆಂಡತಿ ಮೆಲ್ಲಗೆ ಕಿವಿಯಲ್ಲಿ, ಸೆರಗು ನೋಡಿದ್ರಾ ಎಂದಳು. ಎಡ ಹೆಗಲ ಮೇಲಿರಬೇಕಾದದ್ದು ಬಲ ಹೆಗಲ ಮೇಲಿತ್ತು. ನಾನು ಆಂಟಿಗೆ ಫೋನ್ ಮಾಡಿದೆ. ಅವರು ಗಾಬರಿಯಾದರು. ನೋಡಿ ನೋಡಿ ಕಣ್ಣು ಪಳಗಿದರೆ ತಪ್ಪು ಕಾಣುವುದಿಲ್ಲವಂತೆ. ಅದಕ್ಕೆ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿ ನೋಡುವುದು ರೂಢಿ. ಆ ಸಂಜೆ ತಿರುಗಿಸಿದ್ದನ್ನು ಮತ್ತೆ ಸರಿಮಾಡದೆ ಹಾಗೇ ಕಳಿಸಿದ್ದರು. ಒಂದು ನಿಮಿಷದ ಕೆಲಸ, ವಾಪಸ್ ತಂದುಕೊಡು ಎಂದು ಬೇಡಿಕೊಂಡರು.

ಅಮ್ಮ ಫ್ರೇಮು ಬಿಡಲಿಲ್ಲ. "ನಂಗೆ ಜಡೆ ಹಾಕೋವಾಗ ಕನ್ನಡಿ ಮುಂದೆ ಕೂರಿಸ್ಕೊಳ್ತಿದ್ಲು. ಮಿಕ್ಕ ಹೊತ್ತೆಲ್ಲ ಕೆಲಸ, ಎಲ್ಲಿ ಕೈಗೆ ಸಿಗ್ತಿದ್ಲು. ನಾನು ಅವಳ ಮುಖ ನೋಡಿದ್ದೆಲ್ಲ ಕನ್ನಡಿಯಲ್ಲೇ ಕಣೋ. ಹೀಗೇ ಇದ್ಲು."

ಫೋನಿನ ಆ ಕಡೆ ಆಂಟಿಗೂ ಕೇಳಿಸಿತು. ತಮ್ಮನ್ನು ತಾವು ಹೊಗಳಿಕೊಳ್ಳದೆ ಅವರು ಫೋನಿಟ್ಟಿದ್ದು ನನಗೆ ಗೊತ್ತಿರುವಂತೆ ಅದೊಂದೇ ಸಲ.

ಅಷ್ಟೆಲ್ಲ ಹೆದರಿದ್ದಕ್ಕೆ ಕೊನೆಗೆ ಆದ ತಪ್ಪು ಇಷ್ಟೇ: ನಮ್ಮ ಮನೆಯ ಗೋಡೆಯ ಮೇಲೆ ಅಜ್ಜಿಯ ಸೆರಗು ಬಲ ಹೆಗಲ ಮೇಲಿದೆ.