ಗೋಣಿತಟ್ಟಿನ ಪರದೆ

ಪುಷ್ಪಲತಾ ಹಾವೇರಿಯಿಂದ ಬ್ಯಾಡಗಿಗೆ ಸೊಸೆಯಾಗಿ ಬಂದ ದಿನ ಹೊಸ್ತಿಲ ಮೇಲೆ ನಿಂತು ಹನ್ನೊಂದು ಸಲ ಸೀನಿದ್ದಳು. ಎಣಿಸಿದ್ದು ಅವಳ ನಾದಿನಿ ಶ್ವೇತಾ, ಆಗಿನ್ನೂ ಹೈಸ್ಕೂಲು ಹುಡುಗಿ. ಮನೆ ಇದ್ದದ್ದು ಮೆಣಸಿನಕಾಯಿ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ. ಸುಗ್ಗಿಯ ದಿನಗಳಲ್ಲಿ ಅಲ್ಲಿ ಗಾಳಿಯೂ ಖಾರವಾಗಿಯೇ ಬೀಸುತ್ತದೆ. ಸೇರು ಒದೆಯಬೇಕಾದ ಕಾಲು ಸೀನಿನ ರಭಸಕ್ಕೆ ಎತ್ತಲೋ ಹೋಗಿ, ಅಕ್ಕಿಯೆಲ್ಲ ಗಂಡ ರುದ್ರಮುನಿಯ ಪಾದದ ಮೇಲೆ ಚೆಲ್ಲಿತ್ತು.

ಅತ್ತೆ ಗದಿಗೆವ್ವ ಬೈಯಲಿಲ್ಲ. ಸೆರಗಿನಿಂದ ಸೊಸೆಯ ಮೂಗು ಒರೆಸಿ, "ಎಂಟ ದಿನ ತಡಕೊ ಯವ್ವಾ. ಆಮ್ಯಾಲ ಘಾಟು ಐತಿ ಅನ್ನೂದನ ನಿನ್ನ ಮೂಗಿಗೆ ತಿಳಿಯಂಗಿಲ್ಲ," ಅಂದಳು.

ಹಾಗೇ ಆಯಿತು. ಎಂಟು ದಿನ ಯಾಕೆ, ಆರನೇ ದಿನಕ್ಕೇ ಅವಳ ಮೂಗು ಬ್ಯಾಡಗಿಯದಾಯಿತು. ಹತ್ತು ವರ್ಷ ಕಳೆದು ಎರಡು ಸಾವಿರದ ಎಂಟನೆಯ ಇಸವಿ ಬರುವ ಹೊತ್ತಿಗೆ ಆ ಹನ್ನೊಂದು ಸೀನು ಅವಳಿಗೆ ಪೂರ್ತಿ ಮರೆತುಹೋಗಿತ್ತು. ಎಡವಟ್ಟಾದದ್ದೇ ಅಲ್ಲಿ.

ಆ ವರ್ಷ ಮನೆಯಲ್ಲಿದ್ದ ಚಿಂತೆ ಒಂದೇ, ಶ್ವೇತಾಳ ಮದುವೆ. ಹುಡುಗಿ ಬಿ.ಕಾಂ. ಮುಗಿಸಿದ್ದಳು, ನೋಡಲು ಲಕ್ಷಣವಾಗಿದ್ದಳು, ಮಾತು ಮಾತ್ರ ಸ್ವಲ್ಪ ಚುರುಕು. ನಾಲ್ಕು ಕಡೆಯವರು ಬಂದು ನೋಡಿ ಹೋಗಿದ್ದರು. ಎಲ್ಲರೂ ಶಿರಾ ತಿಂದರು, ಚಹಾ ಕುಡಿದರು, ಏಳುವಾಗ "ಹೇಳಿ ಕಳಸ್ತೇವ್ರಿ" ಅಂದರು. ನಮ್ಮ ಕಡೆ ಈ ಮಾತಿನ ಅರ್ಥ ಸಣ್ಣ ಕೂಸಿಗೂ ಗೊತ್ತು. ಮನಸ್ಸಿಗೆ ಬಂದವರು ಅಲ್ಲೇ ಸಕ್ಕರೆ ತರಿಸಿ ಬಾಯಿ ಸಿಹಿ ಮಾಡುತ್ತಾರೆ. ಹೇಳಿ ಕಳಿಸುತ್ತೇವೆ ಅಂದವರು ಯಾವತ್ತೂ ಏನನ್ನೂ ಹೇಳಿ ಕಳಿಸುವುದಿಲ್ಲ. ನಾಲ್ಕನೆಯ ಸಲ ಬಂದವರಲ್ಲಿ ಒಬ್ಬಳು ಮೆಟ್ಟಿಲಿಳಿಯುತ್ತ, "ಮನಿ ಭಾಳ ಕತ್ತಲ ಐತಿ ಬಿಡ್ರಿ, ಗ್ವಾದಾಮ ಇದ್ದಂಗ," ಅಂದದ್ದು ಪುಷ್ಪಲತಾಳ ಕಿವಿಗೆ ಬಿತ್ತು.

ಅಂದು ಸಂಜೆ ಶ್ವೇತಾ ಚಹಾದ ಕಪ್ಪು ತೊಳೆಯುತ್ತ ಅತ್ತಿಗೆಗೆ ಹೇಳಿದಳು: "ವೈನಿ, ಇನ್ನೊಂದ ಸಲ ಕುಂದರ್ತೇನಿ, ಅದೂ ನಿಮ್ಮ ಸಲುವಾಗಿ. ಆಗ್ಲಿಲ್ಲಂದ್ರ ಮುಂದ ಯಾರ ಮುಂದೂ ನನ್ನ ಕುಂದರಸಬ್ಯಾಡ್ರಿ. ನಾನೇನ್ ಮಾರ್ಕೆಟ್ಟಿಗೆ ಬಂದ ಕಾಯಿ ಏನ್ರಿ, ಬಂದವ್ರೆಲ್ಲ ಮುರದು ಮೂಸಿ ನೋಡಿ ಹೋಗಾಕ?"

ಅವಳು ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಪುಷ್ಪಲತಾಳನ್ನು ಹೆದರಿಸಿದ್ದು ಆ ತಣ್ಣನೆಯ ದನಿ. ಹುಡುಗಿ ಆಡಿದ ಮಾತಿಗೆ ತಪ್ಪುವವಳಲ್ಲ ಅನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ತಪ್ಪು ಹುಡುಗಿಯದಲ್ಲ, ಈ ಹಾಳು ಪಡಸಾಲೆಯದು ಎಂದು ಅವಳು ಅಲ್ಲೇ ತೀರ್ಮಾನಿಸಿದಳು.

ಸ್ಟೇಶನ್ ರಸ್ತೆಯಲ್ಲಿ ಸರ್ಫರಾಜ ಎಂಬ ಓಣಿಯ ಹುಡುಗ ಆಗ ಇಂಟರ್ನೆಟ್ ಅಂಗಡಿ ಇಟ್ಟಿದ್ದ. ನಾಲ್ಕು ಕಂಪ್ಯೂಟರು, ನಡುನಡುವೆ ಪ್ಲೈವುಡ್ ಹಲಗೆ. ಶ್ವೇತಾ ಅಲ್ಲಿ ಆರ್ಕುಟ್ ನೋಡಲು ಹೋಗುವಾಗ ವೈನಿಯನ್ನೂ ಎಳೆದುಕೊಂಡು ಹೋಗುತ್ತಿದ್ದಳು. ಮೊದಮೊದಲು ಗೋಡೆ ನೋಡುತ್ತ ಕುಳಿತಿರುತ್ತಿದ್ದ ಪುಷ್ಪಲತಾ, 'ಅಂದಚೆಂದದ ಮನೆ' ಅನ್ನುವ ಗುಂಪು ಕಣ್ಣಿಗೆ ಬಿದ್ದ ಮೇಲೆ ನಾದಿನಿಯನ್ನೇ ಕುರ್ಚಿಯಿಂದ ಎಬ್ಬಿಸತೊಡಗಿದಳು. ಧಾರವಾಡ, ದಾವಣಗೆರೆ, ಪುಣೆ, ಎಲ್ಲೆಲ್ಲಿಯದೋ ಹೆಂಗಸರು ಅಲ್ಲಿ ತಮ್ಮ ಮನೆಯ ಫೋಟೋ ಹಾಕುತ್ತಿದ್ದರು. ಒಬ್ಬಳು ಒಡೆದ ಬಳೆಯಿಂದ ತೋರಣ ಮಾಡಿದರೆ, ಇನ್ನೊಬ್ಬಳು ಹಳೆಯ ಮೊರಕ್ಕೆ ಬಣ್ಣ ಬಳಿದು ಗೋಡೆಗೆ ತೂಗುಹಾಕುತ್ತಿದ್ದಳು. ಮುಖ ಕಾಣದವರು ಒಬ್ಬರಿಗೊಬ್ಬರು ಅಕ್ಕ, ತಂಗಿ ಅನ್ನುತ್ತಿದ್ದರು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವುದನ್ನು ಪುಷ್ಪಲತಾ ಒಂದೇ ಬೆರಳಿನಲ್ಲಿ ಕಲಿತಳು.

ಅಲ್ಲಿಯೇ ಕೇಳಿದಳು, ಕತ್ತಲ ಪಡಸಾಲೆಗೆ ಏನು ಮಾಡುವುದು ಅಂತ. ಪುಣೆಯ ಇಂದುಮತಿ ಎಂಬವರು ಮರುದಿನವೇ ಉತ್ತರ ಬರೆದರು. ಕಿಟಕಿಯ ದಪ್ಪ ಪರದೆ ಕಿತ್ತು ಹಾಕಿ, ಗೋಣಿತಟ್ಟಿನ ಪರದೆ ಹೊಲಿಯಿರಿ, ಅಂಚಿಗೆ ಹಳೆಯ ಇಳಕಲ್ ಸೀರೆಯ ಸೆರಗು ಹಚ್ಚಿರಿ, ಬೆಳಕು ಸೋಸಿ ಬರುತ್ತದೆ, ಇಲ್ಲಿ ದೊಡ್ಡವರ ಮನೆಗಳಲ್ಲೆಲ್ಲ ಈಗ ಅದೇ.

ಗೋಣಿತಟ್ಟು! ಬ್ಯಾಡಗಿಯಲ್ಲಿ ಅದಕ್ಕೆ ಬರವೇ? ರುದ್ರಮುನಿ ಗುಮಾಸ್ತನಾಗಿದ್ದ ದಲಾಲಿ ಅಂಗಡಿಯಲ್ಲಿ ಖಾಲಿ ಚೀಲಗಳು ಮಾಳಿಗೆ ಮುಟ್ಟುವಷ್ಟು ಬಿದ್ದಿದ್ದವು. "ನಮ್ಮವರ ಅಂಗಡ್ಯಾಗ ಬೇಕಾದಷ್ಟು ಐತಿ" ಅಂತ ಪುಷ್ಪಲತಾ ಬರೆದದ್ದೇ ತಡ, ನೀವೇ ಪುಣ್ಯವಂತರು ಅಂತ ಏಳು ಜನ ಬರೆದರು. ಆ ಏಳು ಜನರಲ್ಲಿ ಒಬ್ಬರಾದರೂ ಚೀಲದಲ್ಲಿ ಮೊದಲು ಏನಿತ್ತು ಅಂತ ಕೇಳಬಾರದಿತ್ತೇ! ಪಾಪ, ಅವರಿಗೇನು ಗೊತ್ತು ಬ್ಯಾಡಗಿಯ ವಿಷಯ?

ರುದ್ರಮುನಿ ಆರು ಚೀಲ ತಂದುಕೊಟ್ಟ. ಪುಷ್ಪಲತಾ ಅವನ್ನು ಬಿಚ್ಚಿ, ಮೂರು ಸಲ ಒಗೆದು, ಬಿಸಿಲಿಗೆ ಹಾಕಿದಳು. ಮೂರನೆಯ ಸಲವೂ ನೀರು ಕೆಂಪಗೇ ಹರಿಯಿತು. ಬ್ಯಾಡಗಿ ಕಾಯಿಯ ಬಣ್ಣ, ಅಷ್ಟು ಸುಲಭಕ್ಕೆ ಬಿಡುವುದಲ್ಲ ಅಂದುಕೊಂಡಳು. ಆ ತೆಳುಗೆಂಪು ಅವಳಿಗೆ ಹಿಡಿಸಿಯೂಬಿಟ್ಟಿತು. ಎರಡು ಕಿಟಕಿಗೆ ಪರದೆ, ಕುರ್ಚಿಗಳಿಗೆ ದಿಂಬಿನ ಚೀಲ, ಎಲ್ಲಕ್ಕೂ ಅತ್ತೆಯ ಹಳೆಯ ಇಳಕಲ್ಲಿನ ಅಂಚು. ಜಾಣೆ, ತೂಗುಹಾಕುವ ಮೊದಲು ಮೂಸಿಯೂ ನೋಡಿದಳು. ಏನೂ ವಾಸನೆಯಿಲ್ಲ. ಅತ್ತೆಗೆ ಹಿಡಿದಳು, ಶ್ವೇತಾಳಿಗೆ ಹಿಡಿದಳು. ಮೂರು ಬ್ಯಾಡಗಿ ಮೂಗುಗಳೂ ಏನಿಲ್ಲ ಅಂತಲೇ ಹೇಳಿದವು.

ಪರದೆ ಹಾಕಿದ ಬೆಳಿಗ್ಗೆ ಪಡಸಾಲೆಗೆ ಜೇನಿನ ಬಣ್ಣದ ಬೆಳಕು ಬಂತು. ಗದಿಗೆವ್ವ ನಡುಮನೆಯ ಬಾಗಿಲಲ್ಲೇ ನಿಂತು, "ಅಯ್ಯ ಶಿವನ, ಇದು ನಮ್ಮ ಮನಿನ?" ಅಂದಳು.

ಐದನೆಯ ಸಲ ಬಂದವರು ರಾಣೆಬೆನ್ನೂರಿನವರು. ಬೆಳ್ಳುಳ್ಳಿ ವ್ಯಾಪಾರಿ ಕೊಟ್ರಪ್ಪ, ಅವನ ಹೆಂಡತಿ ಗುಡ್ಡವ್ವ, ಮಗ ಸುನೀಲಕುಮಾರ. ಮೇ ತಿಂಗಳ ಮಧ್ಯಾಹ್ನ, ಸುಗ್ಗಿ ಮುಗಿದು ಓಣಿಯ ಗಾಳಿ ತಿಳಿಯಾಗಿತ್ತು, ಕರೆಂಟಿಲ್ಲ. ಗುಡ್ಡವ್ವ ಕೈಯಲ್ಲಿ ಬೀಸಣಿಗೆ ಆಡಿಸುತ್ತಲೇ ಪರದೆಯನ್ನು ಕಣ್ಣಲ್ಲೇ ಸವರಿದಳು. "ಭಾಳ ಚಲೋ ಅದಾವ್ರಿ. ಯಾವ ಪ್ಯಾಟ್ಯಾಗ ತಂದ್ರಿ?" ಅಂತ ಕೇಳಿದಳು. ಪುಷ್ಪಲತಾಳ ಮನಸ್ಸು ಗರಿಗೆದರಿತು. ಈ ಸಲ ಕೆಲಸ ಆದ ಹಾಗೇ ಅಂದುಕೊಂಡಳು.

ಶ್ವೇತಾ ಚಹಾದ ತಾಟು ಹಿಡಿದು ಪಡಸಾಲೆಗೆ ಬಂದಳು. ಅದೇ ಗಳಿಗೆಗೆ ಕರೆಂಟೂ ಬಂತು.

ಐದು ನಂಬರಿಗೆ ಇಟ್ಟಿದ್ದ ಫ್ಯಾನು ಗರಗರ ತಿರುಗಿತು. ಪರದೆಗಳು ಉಬ್ಬಿದವು, ಬಡಿದಾಡಿದವು. "ನಮ್ದೇನ್ ದೊಡ್ಡ ಬೇಡಿಕಿ ಇಲ್ರಿ, ಹುಡುಗಿ ಚಂದಂಗ—" ಅನ್ನುತ್ತಿದ್ದ ಕೊಟ್ರಪ್ಪ ಅಲ್ಲಿಗೇ ಮಾತು ನಿಲ್ಲಿಸಿ ಬಾಯಿ ತೆರೆದ. ಆಮೇಲೆ ಸೀನಿದ. ಅವನ ಹಿಂದೆ ಗುಡ್ಡವ್ವ, ಅವಳ ಹಿಂದೆ ಸುನೀಲಕುಮಾರ. ಸೀನು, ಕೆಮ್ಮು, ಕಣ್ಣಲ್ಲಿ ಧಾರಾಕಾರ ನೀರು. ಮನೆಯವರು ನಾಲ್ವರೂ ಕುಳಿತಲ್ಲಿ ಕುಳಿತು, ನಿಂತಲ್ಲಿ ನಿಂತು, ಇವರಿಗೇನಾಯಿತಪ್ಪ ಅಂತ ಕಣ್ಣು ಪಿಳಿಪಿಳಿ ಬಿಡುತ್ತಿದ್ದರು.

"ಯಾಕ್ರಿ ಯಜಮಾನ್ರ, ಥಂಡಿ ಆಗೇತೇನ್ರಿ? ಶುಂಠಿ ಕಷಾಯ ಕಾಸಲೇನ್ರಿ?" ಅಂತ ಗದಿಗೆವ್ವ ಕಳಕಳಿಯಿಂದ ಕೇಳಿದಳು.

ಮೂವರೂ ಬಿದ್ದೂ ಎದ್ದೂ ಹೊರಗಿನ ಕಟ್ಟೆಗೆ ಓಡಿದರು. ಆಗ, ಹತ್ತು ವರ್ಷದ ಮೇಲೆ, ಪುಷ್ಪಲತಾಳಿಗೆ ತನ್ನ ಹನ್ನೊಂದು ಸೀನು ನೆನಪಾಯಿತು. ಕೊಡ ತುಂಬ ನೀರು ಹೊತ್ತು ಹೊರಗೆ ಹೋಗಿ, ಮುಖ ತೊಳೆಯಲು ಕೊಟ್ಟು, ಕೈಮುಗಿದಳು. "ತಪ್ಪು ನಂದ್ರಿ. ಖಾರದ ಚೀಲದ ಪರದೆ ಹೊಲದೇನಿ. ನಮಗ ಘಾಟು ತಿಳಿಯಲಿಲ್ರಿ. ಹುಡಿಗಿದೇನೂ ಇಲ್ರಿ ಇದ್ರಾಗ."

ಕೊಟ್ರಪ್ಪ ಕೆಂಡದಂಥ ಕಣ್ಣು ಒರೆಸಿಕೊಂಡು ಹೆಂಡತಿಯ ಮುಖ ನೋಡಿದ, ಮಗನ ಮುಖ ನೋಡಿದ. ಆಮೇಲೆ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು, "ಹೇಳಿ ಕಳಸ್ತೇವ್ರಿ," ಅಂದ.

ಮುಗಿಯಿತಲ್ಲ! ಅವರ ಜೀಪು ಓಣಿ ದಾಟುವ ಮೊದಲೇ ಪುಷ್ಪಲತಾ ಪರದೆ, ದಿಂಬಿನ ಚೀಲ ಎಲ್ಲ ಕಿತ್ತೆಸೆದು, ಅಡುಗೆಮನೆಯ ಗೋಡೆಗೆ ಒರಗಿ ಅತ್ತಳು. ಸಮಾಧಾನ ಹೇಳಲು ಬಂದವಳು ಶ್ವೇತಾ.

"ಬಿಡ್ರಿ ವೈನಿ. ಆ ಯಜಮಾನ್ರು ಎಷ್ಟ ಸೀನಿದ್ರು ಗೊತ್ತೇನ್ರಿ? ಹದಿನೇಳು. ನಿಮ್ಮ ದಾಖಲೆ ಮುರದ್ರು," ಅಂದಳು. ನಕ್ಕಳು ಕೂಡ. ಆದರೆ ಸಂಜೆ ನೋಡಿದರೆ, ಹೆಣ್ಣು ತೋರಿಸುವಾಗ ಉಡುತ್ತಿದ್ದ ಆ ಹಸಿರು ರೇಷ್ಮೆ ಸೀರೆಯನ್ನು ಮಡಚಿ, ಟ್ರಂಕಿನ ತಳಕ್ಕೆ ಹಾಕಿಬಿಟ್ಟಿದ್ದಳು. ಅದನ್ನು ಕಂಡ ಪುಷ್ಪಲತಾ ಅಂದು ಉಣ್ಣದೆ ಮಲಗಿದಳು.

ಒಂಬತ್ತು ದಿನ ಅವಳು ಸ್ಟೇಶನ್ ರಸ್ತೆಯ ಕಡೆ ತಲೆ ಹಾಕಲಿಲ್ಲ. "ಅಕ್ಕಾರ, ಪರದೆ ಫೋಟೋ ಎಲ್ಲಿ ಅಂತ ಪುಣೆಯವ್ರು ಕೇಳಾಕತ್ತಾರ ನೋಡ್ರಿ," ಅಂತ ಸರ್ಫರಾಜ ದಾರಿಯಲ್ಲಿ ಸಿಕ್ಕಾಗ ಹೇಳಿದ. ಯಾವ ಮುಖ ಹೊತ್ತು ಹೋಗಲಿ ಅಂತ ಅವಳು ತಲೆ ತಗ್ಗಿಸಿ ಬಂದಳು.

ಹತ್ತನೆಯ ದಿನ ಬೆಳಿಗ್ಗೆ ಬಾಗಿಲಲ್ಲಿ ಗುಡ್ಡವ್ವ ನಿಂತಿದ್ದಳು. ಒಬ್ಬಳೇ. ಕಂಕುಳಲ್ಲಿ ಒಂದು ಕೈಚೀಲ. ಒಳಗೆ ಕಾಲಿಡುವ ಮುಂಚೆ ಕಿಟಕಿ ನೋಡಿ, ಪರದೆಯಿಲ್ಲದ್ದು ಖಾತ್ರಿ ಮಾಡಿಕೊಂಡೇ ಬಂದಳೆನ್ನಿ.

"ಹೇಳಿ ಕಳಿಸಲಿಲ್ಲಂತ ಬ್ಯಾಸರ ಮಾಡಿಕೊಬ್ಯಾಡ್ರಿ," ಅಂದಳು ಚಾಪೆಯ ಮೇಲೆ ಕುಳಿತು. "ನಮಗ ಹೇಳಾಕ ಧೈರ್ಯ ಆಗ್ಲಿಲ್ರಿ."

"ನಿಮಗ್ಯಾತರ ಅಂಜಿಕಿ?" ಅಂದಳು ಗದಿಗೆವ್ವ.

"ನಮ್ಮ ಮನಿ ಬಳ್ಳೊಳ್ಳಿ ಗ್ವಾದಾಮದ ಮ್ಯಾಲ ಐತ್ರಿ. ಅರಿವ್ಯಾಗ, ಹಾಸಿಗ್ಯಾಗ, ಎಲ್ಲಾದ್ರಾಗೂ ವಾಸನಿ ಅಂತಾರ ಮಂದಿ. ನಮಗ ತಿಳಿಯಂಗಿಲ್ಲ. ಮೂರು ಕಡೆ ಕನ್ಯಾದವ್ರು ಮನಿ ನೋಡಾಕ ಬಂದು, ಮೂಗು ಮುಚಗೊಂಡ ಹೋದ್ರು. ಒಂದಂತೂ ನಿಶ್ಚೆ ಆಗಿದ್ದು ಮುರೀತು. ನನ್ನ ಮಗಾ ಇನ್ನ ಕನ್ಯಾನ ಬ್ಯಾಡ ಅಂತ ಕುಂತಿದ್ದ. ಅವತ್ತ ನಾವು ಸೀನಿ ಸೀನಿ ಸಾಯಾಕತ್ತೇವಿ, ನಿಮ್ಮ ಹುಡಿಗಿ ನೋಡಿದ್ರ ಚಾದ ತಾಟ ಹಿಡಕೊಂಡ ಹಂಗ ನಿಂತಾಳ. ಒಂದ ಕಪ್ಪ ಅಲಗಲಿಲ್ಲ! ದಾರ್ಯಾಗ ನನ್ನ ಮಗಾ ಅಂದಾ, ಯವ್ವಾ, ಇಂಥಾ ಘಾಟಿನಾಗ ನಿಂತಾಕಿ ನಮ್ಮ ಮನ್ಯಾಗೂ ಇರ್ತಾಳ, ಆದ್ರ ಮುಚ್ಚಿಟ್ಟ ಕೇಳಬ್ಯಾಡ, ಖರೇ ಹೇಳಿ ಕೇಳು ಅಂತ."

ಗುಡ್ಡವ್ವ ಕೈಚೀಲದಿಂದ ಒಂದು ಅಂಗಿ ತೆಗೆದಳು. ಗಂಡಸರ ನೀಲಿ ಗೆರೆಯ ಅಂಗಿ, ಇಸ್ತ್ರಿ ಮಾಡಿ ಮಡಚಿದ್ದು.

"ಅವನ ಅಂಗಿ ಐತ್ರಿ. ನಿನ್ನೆ ಒಗದದ್ದು. ಹುಡಿಗಿ ಮೂಸಿ ನೋಡ್ಲಿ. ಅವಸರ ಇಲ್ಲ, ಯೋಚನಿ ಮಾಡಿ ನೀವ ಹೇಳಿ ಕಳಸ್ರಿ."

ಪುಷ್ಪಲತಾ ನಡುಮನೆಯ ಬಾಗಿಲಲ್ಲಿ ನಿಂತಿದ್ದ ಶ್ವೇತಾಳನ್ನು ನೋಡಿದಳು. ಐದು ಸಲ ಮಂದಿಯ ಮುಂದೆ ತಲೆ ತಗ್ಗಿಸಿ ಕುಳಿತ ಹುಡುಗಿ ತಲೆ ಎತ್ತಿ ಬಂದು, ಅಂಗಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಮೂಗಿಗೆ ಹಿಡಿದಳು. ಅವಸರ ಮಾಡಲಿಲ್ಲ.

"ಹೇಳಿ ಕಳಸೂದಿಲ್ರಿ, ಈಗ ಹೇಳ್ತೇನಿ," ಅಂದಳು. "ವಾಸನಿ ಬರ್ತೈತ್ರಿ, ಸುಳ್ಳ ಯಾಕ ಹೇಳ್ಲಿ. ಆದ್ರ ಎಂಟ ದಿನ ಆದಮ್ಯಾಲ ನನಗ ತಿಳಿಯಂಗಿಲ್ಲ."

ಗುಡ್ಡವ್ವ ಅವಳ ಕೈ ಹಿಡಿದು ಪಕ್ಕಕ್ಕೆ ಎಳೆದು ಕೂರಿಸಿಕೊಂಡಳು. ಗದಿಗೆವ್ವ, "ಪುಷ್ಪಾ, ಸಕ್ಕರಿ ತಾರ ಲಗೂನ!" ಅಂತ ಕೂಗಿದಳು. ಪುಷ್ಪಲತಾಳಿಗೆ ಹೋದ ಜೀವ ಬಂದಂತಾಗಿತ್ತು. ಸಕ್ಕರೆ ಡಬ್ಬಿ ಎದುರಿಗೇ ಇದ್ದರೂ ಕಣ್ಣಿಗೆ ಕಾಣಲಿಲ್ಲ, ಕೈಯಿಂದ ತಡವಿ ತಡವಿ ಹುಡುಕಿ ತಂದಳು.

"ಯಾಕ ತಂಗಿ, ಕಣ್ಣಾಗ ನೀರು? ಮತ್ತ ಖಾರ ಹಾರೇತೇನು?" ಅಂದಳು ಗುಡ್ಡವ್ವ.

"ಇಲ್ರೀ, ಸಕ್ಕರಿ ತೊಗೊರ್ರಿ," ಅಂದಳು ಪುಷ್ಪಲತಾ, ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತ.

ಅದೇ ಮಧ್ಯಾಹ್ನ ವೈನಿ ನಾದಿನಿ ಇಬ್ಬರೂ ಸರ್ಫರಾಜನ ಅಂಗಡಿಗೆ ಹೋಗಿ ನಡೆದದ್ದನ್ನೆಲ್ಲ ಬಿಡದೆ ಬರೆದರು. ಕೊನೆಗೆ ಪುಷ್ಪಲತಾ ಒಂದೇ ಬೆರಳಿನಲ್ಲಿ ಕುಟ್ಟಿ ಕೇಳಿದಳು: ಗ್ವಾದಾಮದ ಮ್ಯಾಲಿನ ಮನಿ, ಒಂದ ಖೋಲಿ ನಮ್ಮ ಹುಡಿಗಿಗೆ ಕೊಡ್ತಾರಂತ, ಅದನ್ನ ಹೆಂಗ ಚಂದ ಮಾಡೂದು ಹೇಳ್ರಿ. ಇಂದುಮತಿಯವರ ಉತ್ತರ ಸಂಜೆಯೊಳಗೇ ಬಂತು. ಎಲ್ಲ ಹೇಳುತ್ತೇನೆ ತಂಗಿ, ಈ ಸಲ ಚೀಲದಲ್ಲಿ ಮೊದಲು ಏನಿತ್ತು, ಅದನ್ನು ತಿಳಿಸು.