ಹಳೇ ಪಂಚೆಯ ಮೇಲೆ ಮೊಮ್ಮಗಳ ಚಿತ್ರ

ನನ್ನ ಮೊಮ್ಮಗಳಿಗೆ ಮೈಸೂರಿನಲ್ಲಿ ಚಿತ್ರಕಲೆ ಓದಲು ಸೀಟು ಸಿಕ್ಕಿತು! ಎಸ್‌ಟಿಡಿ ಬೂತಿನಿಂದ ಓಡಿ ಬಂದವಳು ಬಾಗಿಲಲ್ಲೇ ನಿಂತು, "ಸಿಕ್ತು ಕಣ್ ತಾತಾ" ಎಂದು ಅಳತೊಡಗಿದಳು. ನಾನೂ ಅತ್ತೆ. ನನ್ನ ಹೆಂಡತಿ, "ಸಿಕ್ಕುದ್ರೆ ನಗಾದು ಬುಟ್ಟು ಇದೇನ್ ಇಬ್ರೂವೆ ಅಳಾದು?" ಎಂದು ಗದರಿಸಿ, ಸೆರಗಿನಿಂದ ತಾನೂ ಕಣ್ಣೊರೆಸಿಕೊಂಡಳು.

ನಾನು ನಾಲ್ಕನೇ ಕ್ಲಾಸು ದಾಟಿದವನಲ್ಲ. ಹೇಳುವುದು ಹಿಂದುಮುಂದಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮ ಹಿರಿಯರು ಗುಂಡ್ಲುಪೇಟೆ ಕಡೆಯಿಂದ ಬೆಟ್ಟ ಹತ್ತಿ ಊಟಿ ಪಕ್ಕದ ನಂಜನಾಡಿಗೆ ಬಂದವರು. ಮಗ ಕ್ಯಾರೆಟ್, ಆಲೂಗಡ್ಡೆ ಬೆಳೆಯುತ್ತಾನೆ. ನನ್ನದು ಮೂಟೆ ಹೊರುವ ಕಸುಬು. ಊಟಿ, ಕೆತ್ತಿ ಊರುಗಳನ್ನು ಸುತ್ತಿ, ಪಾತ್ರೆ ಕೊಟ್ಟು ಹಳೇ ಬಟ್ಟೆ ತರುತ್ತಿದ್ದೆ. ಅದರಲ್ಲಿ ಹತ್ತಿಯದನ್ನು ಆರಿಸಿ, ಯಂತ್ರ ಒರೆಸಲೆಂದು ಟೀ ಫ್ಯಾಕ್ಟರಿಗಳಿಗೆ ಹಾಕುತ್ತಿದ್ದೆ. ಅನುಮಾನ ಬಂದರೆ ಒಂದು ಎಳೆ ಕಿತ್ತು ಬೀಡಿಯ ಕೆಂಡಕ್ಕೆ ತಾಗಿಸುವುದು. ಹತ್ತಿಯಾದರೆ ಬೂದಿಯಾಗಿ ಉದುರುತ್ತದೆ, ಟೆರಿಕಾಟಾದರೆ ಕರಗಿ ಗಂಟಾಗುತ್ತದೆ.

ಮೊಮ್ಮಗಳು ಊಟಿಯಲ್ಲಿ ಒಬ್ಬ ರಿಟೈರಾದ ಡ್ರಾಯಿಂಗ್ ಮೇಷ್ಟ್ರ ಹತ್ತಿರ ಕಲಿಯುತ್ತಿದ್ದಳು. ಅವರ ಕಾರು ಶೆಡ್ಡಿನಲ್ಲಿ ಕಬ್ಬಿಣದ ದೊಡ್ಡ ಉರುಳೆಯ ಯಂತ್ರವೊಂದಿತ್ತು. ಮೇಣ ಬಳಿದ ತಾಮ್ರದ ತಗಡಿನ ಮೇಲೆ ಸೂಜಿಯಿಂದ ಚಿತ್ರ ಗೀರಿ, ಆಸಿಡ್ಡಿನಲ್ಲಿ ಅದ್ದಿದರೆ ಗೆರೆಗಳು ಆಳವಾಗುತ್ತವೆ. ಆ ಗೆರೆಗಳಿಗೆ ಮಸಿ ತುಂಬಿ, ಮೇಲೆ ಒದ್ದೆ ಕಾಗದ, ಅದರ ಮೇಲೆ ಕಂಬಳಿ ಹೊದಿಸಿ, ಉರುಳೆಯ ಕೆಳಗೆ ಒತ್ತಬೇಕು. ಹೊಲದ ಪಕ್ಕ ಬೆಳಗಿನ ಜಾವ ಕ್ಯಾರೆಟ್ ತೊಳೆಯುವ ಹೆಂಗಸರನ್ನು ಅವಳು ಗೀರಿದ್ದಳು. ಕಾಲೇಜಿಗೆ ಅದರ ಅಚ್ಚನ್ನೇ ಕಳಿಸಬೇಕಿತ್ತು. ಆದರೆ ಮೇಷ್ಟ್ರ ಬಳಿ ಇದ್ದ ಸೀಮೆ ಕಾಗದವೆಲ್ಲ ಕಲಿಯುವುದರಲ್ಲೇ ಮುಗಿದಿತ್ತು. ಊಟಿ ಅಂಗಡಿಯ ಕಾಗದ ನೆನೆಸಿದರೆ ಉರುಳೆಯ ಕೆಳಗೆ ಕಿತ್ತುಬರುತ್ತಿತ್ತು. ಮದರಾಸಿನಿಂದ ತರಿಸಲು ಹೊತ್ತಿಲ್ಲ. ಹುಡುಗಿ ಊಟ ಬಿಟ್ಟಳು.

ಅವಳನ್ನು ಕರೆತರಲು ಹೋದ ನನ್ನನ್ನು ಮೇಷ್ಟ್ರು ಗೋಡೆಯ ಮುಂದೆ ನಿಲ್ಲಿಸಿದರು. ಅಲ್ಲಿ ಇಂಗ್ಲಿಷರ ಕಾಲದ, ನಮ್ಮದೇ ಬೆಟ್ಟಗಳ ಅಚ್ಚಿನ ಚಿತ್ರವೊಂದಿತ್ತು.

"ಪೆರಿಯವರೇ" ಎಂದರು, ತಮಿಳಿನಲ್ಲಿ ಹಿರಿಯರನ್ನು ಕರೆಯುವ ಹಾಗೆ. "ಎಷ್ಟು ಹಳೇದು ನೋಡಿ, ಇನ್ನೂ ಗಟ್ಟಿ. ಯಾಕೆ ಹೇಳಿ? ಇದು ಬಟ್ಟೆ."

"ಬಟ್ಟೆನಾ ಸಾಮಿ?"

"ಬಟ್ಟೆ ಕೊಳೆಸಿ, ಕುಟ್ಟಿ ಮಾಡಿದ ಕಾಗದ. ಆಗ ಸೀಮೇಲೂ ನಿಮ್ಮ ಹಾಗೆ ಬೀದಿ ಬೀದಿ ಸುತ್ತಿ ಹಳೇ ಬಟ್ಟೆ ಎತ್ತೋರು ಇದ್ರು. ಬಟ್ಟೆ ಸಾಲದೇ ಹೋದ ಮೇಲೇನೇ ಮರದ ಕಾಗದ ಬಂದದ್ದು. ಅದು ಬೇಗ ಹಳದಿಯಾಗಿ ಪುಡಿಯಾಗುತ್ತೆ."

ನಮ್ಮ ರಸ್ತೆಯಲ್ಲಿ ನೀಲಗಿರಿ ಮರ ತುಂಬಿಕೊಂಡು ಕಾಗದದ ಮಿಲ್ಲಿಗೆ ಹೋಗುವ ಲಾರಿಗಳು ಕಣ್ಣಿಗೆ ಬಂದವು. "ಸಾಮಿ, ಹತ್ತಿ ಬಟ್ಟೆ ಒಂದ್ ಮೂಟೆ ನಮ್ಮನೇಲೇ ಅದೆ" ಎಂದೆ. ಮೇಷ್ಟ್ರು ನನ್ನ ಕೈ ಹಿಡಿದುಕೊಂಡರು.

ನವೆದು ಹೋದ ಬಿಳೀ ಪಂಚೆಗಳನ್ನೇ ಆರಿಸಿ ಚೂರು ಚೂರು ಕತ್ತರಿಸಿದೆವು. ಸೋಡಾ ಹಾಕಿ ಕುದಿಸಿ, ತೊಳೆದು, ಒರಳಿನಲ್ಲಿ ಸರದಿಯ ಮೇಲೆ ಕುಟ್ಟಿದೆವು. ಸೊಸೆ ಹೊಲದಿಂದ ಬಂದವಳು ಕೈ ಕೂಡ ತೊಳೆಯದೆ ಒನಕೆ ಹಿಡಿದಳು. ಗಂಜಿಯಂತಾದ ಹತ್ತಿಯನ್ನು ರಾತ್ರಿ ತೊಟ್ಟಿಯಲ್ಲಿ ನೆನೆಯಲು ಬಿಟ್ಟೆವು.

ಬೆಳಿಗ್ಗೆ ನೋಡಿದರೆ ತೊಟ್ಟಿಯ ನೀರು ನೀಲಿ! ಬಿಳೀ ಪಂಚೆ ನೀರಿನಲ್ಲಿದ್ದರೆ ನನ್ನ ಹೆಂಡತಿಯ ಕೈ ಸುಮ್ಮನಿರುವುದಿಲ್ಲ. ಅನ್ನದ ಗಂಜಿಯನ್ನೂ ಬಟ್ಟೆಗೆ ಹಾಕುವ ನೀಲಿಯನ್ನೂ ಸುರಿದುಬಿಟ್ಟಿದ್ದಳು.

"ಅಯ್ಯೋ ಅಜ್ಜೀ! ಎಲ್ಲಾ ಹಾಳಾಯ್ತು!"

"ಹಾಳೇನವ್ವ? ಮದ್ವೆಗೆ ಉಟ್ಕಂಡೋಗಂಗೆ ಆಯ್ತದೆ ಸುಮ್ಕಿರು."

ಬೇರೆ ಕುಟ್ಟಲು ಹೊತ್ತಿರಲಿಲ್ಲ. ಟೀ ಫ್ಯಾಕ್ಟರಿಯವರು ಪುಕ್ಕಟೆ ಕೊಟ್ಟ ಹಳೇ ಜರಡಿಯಲ್ಲಿ ಹತ್ತಿಯ ನೀರನ್ನು ಎತ್ತಿ ಸೋಸಿದೆವು. ಜರಡಿಯ ಮೇಲೆ ಉಳಿದ ತೆಳು ಪದರವನ್ನು ಕಂಬಳಿಯ ಮೇಲೆ ಮಗುಚಿ, ಆಲೂಗಡ್ಡೆ ಮೂಟೆ ಹೇರಿ ನೀರು ಹಿಂಡಿದೆವು. ಮಂಜಿನಲ್ಲಿ ಎಲ್ಲಿ ಒಣಗೀತು? ಒಲೆ ಹಿಂದಿನ ಗೋಡೆಗೆ ಅಂಟಿಸಿದೆವು.

ಒಣಗಿದ ಹಾಳೆಗಳನ್ನು ಎಲ್ಲರೂ ಸೇರಿ ಮೇಷ್ಟ್ರ ಶೆಡ್ಡಿಗೆ ಒಯ್ದೆವು. ಮೇಷ್ಟ್ರು ಒಂದನ್ನು ಎತ್ತಿ ನೀರಿಗೆ ಹಾಕಿದರು. ನನ್ನ ಹೆಂಡತಿ ಕೂಗಿಕೊಂಡಳು: "ಅಷ್ಟ್ ಕಷ್ಟಬಿದ್ದು ಒಣಗ್ಸಿವ್ನಿ, ತಿರ್ಗಾ ನೆನೆಸ್ತನಲ್ಲ ಈ ಮೇಷ್ಟ್ರು!"

"ನೆನೆದ್ರೇನೇ ಅಮ್ಮಾ, ಮೆತ್ತಗಾಗಿ ಗೆರೆಯೊಳಗೆ ಇಳಿಯೋದು. ನೀವು ಗಂಜಿ ಹಾಕಿದ್ದೂ ಒಳ್ಳೇದೇ ಆಯ್ತು. ಅದಿಲ್ಲದಿದ್ರೆ ಇದು ನೀರಲ್ಲೇ ಕರಗಿ ಹೋಗೋದು."

"ನೀಲಿ?" ಎಂದಳು ಮೊಮ್ಮಗಳು.

"ಅಚ್ಚು ತೆಗೆದು ನೋಡೋಣ ಬಾ."

ಅವಳೇ ಉರುಳೆ ತಿರುಗಿಸಿದಳು. ಕಂಬಳಿ ಸರಿಸಿ, ಕಾಗದದ ತುದಿ ಹಿಡಿದು ಮೆಲ್ಲಗೆ ಎತ್ತಿದಳು. ಹರಿಯಲಿಲ್ಲ. ಹೆಂಗಸರ ಬಗ್ಗಿದ ಬೆನ್ನು, ನೀರಿನ ಪೈಪು, ಕ್ಯಾರೆಟ್ಟಿನ ರಾಶಿ, ಒಂದೊಂದು ಗೆರೆಯೂ ಬಂದಿತ್ತು. ಕಾಗದದ ತಿಳಿನೀಲಿ ಇಬ್ಬನಿ ಹೆಪ್ಪುಗಟ್ಟಿದ ಜನವರಿಯ ಬೆಳಗಿನ ಹಾಗೇ ಇತ್ತು. ನೋಡುತ್ತಿದ್ದ ನನ್ನ ಸೊಸೆ ತನ್ನ ಕೈಗಳನ್ನು ಉಜ್ಜಿಕೊಂಡಳು. "ಚಳಿ ಆಯ್ತದೆ ಕಣವ್ವ ಇದ್ನ ನೋಡುದ್ರೆ" ಎಂದಳು. ಆಗ ಹುಡುಗಿ ನಕ್ಕಳು.

ಆ ಅಚ್ಚೇ ಮೈಸೂರಿಗೆ ಹೋಯಿತು. ಯಾರ ಯಾರ ಮೈಮೇಲಿದ್ದ ಪಂಚೆಗಳೋ, ಅವರ ಹೊಟ್ಟೆ ತಣ್ಣಗಿರಲಿ. ಪಾಠ ಹೇಳಿದ ಮೇಷ್ಟ್ರ ಋಣವನ್ನು ತೀರಿಸುವುದುಂಟೆ?

ಸುದ್ದಿ ಬಂದ ಆ ಸಂಜೆ ಮೇಷ್ಟ್ರನ್ನೂ ಕರೆಸಿದೆವು. ಮಗ ಹೊಲದಿಂದ ಬೇಗ ಬಂದ. ಒಲೆಯ ಸುತ್ತ ಎಲ್ಲರೂ ಒಟ್ಟಿಗೆ ಕುಳಿತೆವು. ರಾಗಿಮುದ್ದೆ, ಅವರೆಕಾಯಿ ಸಾರು. ಮೇಷ್ಟ್ರು ಮುದ್ದೆ ಅಗಿಯಲು ಹೋದರು. ಮೊಮ್ಮಗಳು, "ಅಗೀಬಾರ್ದು ಸಾರ್, ನುಂಗ್ಬೇಕು" ಎಂದು ಗುರುವಿಗೇ ಪಾಠ ಹೇಳುತ್ತಾ, ತಟ್ಟೆ ಚಾಚಿ ಅಜ್ಜಿಯನ್ನು ಇನ್ನೊಂದು ಮುದ್ದೆ ಕೇಳಿದಳು.