ನಾಲ್ಕನೇ ದಿನಕ್ಕೆ ಹಚ್ಚಿದ ಅಕ್ಷರ

ಚಾಚಾನ ಬಲಗೈ ಹೆಬ್ಬೆರಳಿನ ಉಗುರು ಎಮ್ಮೆ ಕೊಂಬಿನ ಹಾಗೆ ದಪ್ಪ, ಹಳದಿ. ಬಣ್ಣ ಕಲಸಿದಾಗ ಮೊದಲ ಹನಿಯನ್ನು ಅದರ ಮೇಲೆ ಸವರಿ, ಬಿಸಿಲಿಗೆ ಹಿಡಿದು ನೋಡುತ್ತಿದ್ದ. ಮೈಮೇಲಿನ ಬಿಳಿ ಜುಬ್ಬಾದ ಮೇಲೆ ಮಾತ್ರ ಎಂದೂ ಒಂದು ಹನಿ ಬಿದ್ದದ್ದಿಲ್ಲ. ಆ ಜುಬ್ಬಾ ಕಂಡರೇ ನನಗೆ ಹೊಟ್ಟೆ ಉರಿಯುತ್ತಿತ್ತು.

ಆತ ಕಮಲಾಪುರದವನು. ದಿನಾ ಮುಂಜಾನೆ ಬಸ್ಸಿಗೆ ಕಲಬುರಗಿಗೆ ಬಂದು ಅಂಗಡಿ ತೆಗೆಯುತ್ತಿದ್ದ. ಊರಿನ ಅರ್ಧ ಬೋರ್ಡುಗಳು ಆತನ ಕುಂಚದವೇ. ಎರಡು ಸಾವಿರದ ಇಸವಿಯ ಹೊತ್ತಿಗೆ ನಾನು ಆತನ ಎದುರಿಗೇ ರೇಡಿಯಂ ಅಂಗಡಿ ಹಾಕಿದೆ. ರೇಡಿಯಂ ಅಂದರೆ ಹಿಂಬದಿಗೆ ಅಂಟು ಸವರಿದ ಬಣ್ಣದ ಪ್ಲಾಸ್ಟಿಕ್ ಹಾಳೆ; ಕಂಪ್ಯೂಟರು ಅದರಲ್ಲಿ ಅಕ್ಷರ ಕತ್ತರಿಸಿ ಕೊಟ್ಟರೆ ನಾನು ಅಂಟಿಸುವುದು. ಅಂಗಡಿ ತೆರೆದ ದಿನವೇ ಚಾಚಾ ರಸ್ತೆ ದಾಟಿ ಬಂದು, ನನ್ನ ಬೋರ್ಡು ನೋಡಿ, ಅದರ ಬುಡಕ್ಕೆ ಪಾನ್ ಉಗುಳಿ ಹೋದ.

ನಾನೂ ಏನು ಕಡಿಮೆಯಿರಲಿಲ್ಲ. "ಹತ್ತು ನಿಮಿಷದಲ್ಲಿ ಹೆಸರು ರೆಡಿ" ಎಂದು ದಪ್ಪಕ್ಷರದಲ್ಲಿ ಮಾಡಿ, ಆತನ ಮುಖಕ್ಕೆ ನೇರವಾಗಿ ಕಾಣುವಂತೆ ತೂಗುಹಾಕಿದೆ. ಕರೆಂಟು ಹೋದಾಗ ಆತ ಬೇಕೆಂದೇ ಸ್ಟೂಲನ್ನು ರಸ್ತೆಗೆ ತಂದಿಟ್ಟುಕೊಂಡು ನಿಧಾನವಾಗಿ ಬರೆಯುತ್ತಿದ್ದ.

"ಏನ್ ತಂಗಿ, ನಿನ್ನ ಮಿಷಿನ್‌ಗೆ ಜ್ವರ ಬಂದಾವೇನು?"

"ಚಾಚಾ, ನೀವೊಂದು ಅಕ್ಷರ ಬರಿಯೋದ್ರಾಗ ಕರೆಂಟ್ ಬಂದು ನಾ ಊಟಾನೂ ಮಾಡಿರ್ತೀನಿ," ಅನ್ನುತ್ತಿದ್ದೆ.

ಊರ ಕೆರೆಯಲ್ಲಿ ಬೋಟಿಂಗ್ ನಡೆಸುತ್ತಿದ್ದ ಗುತ್ತಿಗೆದಾರ ತನ್ನ ಮೂರು ತಗಡಿನ ದೋಣಿಗಳಿಗೆ ಹಸಿರು ಬಣ್ಣ ಹೊಡೆಯಲು ಚಾಚಾನನ್ನು ಕರೆದ, ರೇಡಿಯಂ ಹೆಸರು ಹಚ್ಚಲು ನನ್ನನ್ನು ಕರೆದ. ಬಣ್ಣ ಮುಗಿಸಿದ ಸಂಜೆ ಚಾಚಾ ನನ್ನ ಬಾಗಿಲಿಗೆ ಬಂದ. "ತಂಗಿ, ಒಂದು ತಿಂಗಳು ತಡಿ. ಮ್ಯಾಲ ಒಣಗೇದ, ಒಳಗ ಇನ್ನಾ ಹಸಿ ಅದ. ಈಗ ಹಚ್ಚಿದ್ರ ಮುಂದ ತೆಗಿಯೋವಾಗ ಬಣ್ಣಾನೂ ಕಿತ್ಕೊಂಡ್ ಬರ್ತದ."

ನನ್ನ ಕೆಲಸ ತಡವಾಗಲಿ ಎಂದೇ ಈ ಮುದುಕ ಹೀಗೆ ಹೇಳುತ್ತಿದ್ದಾನೆ ಅಂದುಕೊಂಡೆ. ಬೇರೆ ಯಾರು ಹೇಳಿದ್ದರೂ ಕೇಳುತ್ತಿದ್ದೆನೇನೋ. ನಾಲ್ಕನೇ ದಿನಕ್ಕೆ ಹೋಗಿ ಮೂರೂ ದೋಣಿಗಳಿಗೆ ಹೆಸರು ಹಚ್ಚಿ ಬಂದೆ.

ನಾಲ್ಕು ವರ್ಷದ ಮೇಲೆ ಗುತ್ತಿಗೆದಾರನಿಗೆ ಹೊಸ ಹೆಸರು ಬೇಕಾಯಿತು. ಹಳೆಯದನ್ನು ತೆಗೆಯಲು ನಾನೇ ಹೋದೆ. ಬಿಸಿಲಿಗೆ ಒಣಗಿದ ರೇಡಿಯಂ ಹಪ್ಪಳದ ಹಾಗೆ ಮುರಿಯುತ್ತಿತ್ತು. ಬ್ಲೇಡಿನಿಂದ ಕೆರೆದರೆ ಚೂರು ಚೂರು; ಜಗ್ಗಿದರೆ ಅಕ್ಷರದ ಬೆನ್ನಿಗೆ ಹಸಿರು ಬಣ್ಣವೂ ಎದ್ದು ಬಂದು ಕೆಳಗಿನ ತಗಡು ಕಾಣುತ್ತಿತ್ತು. ಮೊದಲ ದೋಣಿಗೆ ಕಜ್ಜಿ ಹತ್ತಿದಂತಾಯಿತು.

"ಇದೇನ್ ಮಾಡೀರಿ ಅಕ್ಕೋರೆ?" ಎಂದು ಗುತ್ತಿಗೆದಾರ ಕೂಗಿದ.

"ಬಣ್ಣಾನೇ ಖರಾಬ್ ಅದರಿ. ಚಾಚಾ ಥಿನ್ನರ್ ಜಾಸ್ತಿ ಹಾಕ್ಯಾನ," ಅಂದುಬಿಟ್ಟೆ. ಅಲ್ಲಿದ್ದ ನಾಲ್ಕಾರು ಜನ ತಲೆಯಾಡಿಸಿದರು.

ಚಾಚಾನಿಗೆ ಹೇಳಿಕಳಿಸಿದರು. ಬಂದವನೇ ಬಿದ್ದಿದ್ದ ಒಂದು ಅಕ್ಷರವನ್ನೆತ್ತಿ ಮಗುಚಿ, ಅದರ ಬೆನ್ನಿನ ಹಸಿರನ್ನು ಉಗುರಿನಿಂದ ಉಜ್ಜಿ ನೋಡಿದ.

"ಎಷ್ಟನೇ ದಿನಕ್ಕ ಹಚ್ಚಿದ್ದಿ?" ಅಂತ ನನ್ನೊಬ್ಬಳಿಗೇ ಕೇಳುವಂತೆ ಕೇಳಿದ.

"ತಿಂಗಳಾದ ಮ್ಯಾಲ."

ಆತ ಅಕ್ಷರವನ್ನು ಕೆಳಗಿಟ್ಟ. ಗುತ್ತಿಗೆದಾರನಿಗೆ ಏನೂ ಹೇಳಲಿಲ್ಲ. ಚಹಾದ ಅಂಗಡಿಯಿಂದ ಬಿಸಿನೀರು ತರಿಸಿ, ಅದರಲ್ಲಿ ಅರಿವೆ ಅದ್ದಿ, ಎರಡನೇ ದೋಣಿಯ ಅಕ್ಷರಗಳ ಮೇಲೆ ಹಾಸಿದ. ಮೆತ್ತಗಾದ ಮೇಲೆ ಉಗುರಿನಿಂದ ಒಂದು ಮೂಲೆ ಎಬ್ಬಿಸಿ, ಅಕ್ಷರವನ್ನು ಅದರ ಮೇಲೆಯೇ ಮಡಚುತ್ತ ಸಾವಕಾಶವಾಗಿ ಬಿಡಿಸಿದ. ಉಳಿದ ಅಂಟನ್ನು ಸೀಮೆಎಣ್ಣೆಯಿಂದ ಒರೆಸಿದ. ಬಣ್ಣ ಅಷ್ಟಿಷ್ಟು ಮಾತ್ರ ಎದ್ದಿತ್ತು. ಮೂರನೆಯದಕ್ಕೆ ನಾನು ಕೈ ಹಾಕಿದಾಗ, "ಜಗ್ಗಬ್ಯಾಡ, ಮಡಚು," ಅಂದ. ಇವತ್ತಿಗೂ ನಾನು ರೇಡಿಯಂ ತೆಗೆಯುವುದು ಹಾಗೆಯೇ. ಆಮೇಲೆ ನಾಲ್ಕು ವರ್ಷ ಬಿಸಿಲುಂಡ ಹಸಿರಿಗೆ ಹೊಂದುವ ಬಣ್ಣ ಕಲಸಿ ಎದ್ದ ಜಾಗಕ್ಕೆಲ್ಲ ತೇಪೆ ಹಾಕಿದ. ಎಲ್ಲೆಲ್ಲಿ ಹಾಕಿದ್ದ ಎಂದು ನಾನು ಹುಡುಕಿದರೂ ಸಿಗಲಿಲ್ಲ.

ನನ್ನ ಮಾತು ಮಾತ್ರ ಊರು ಸುತ್ತಿತು. ಚಾಚಾನ ಬಣ್ಣ ಏಳುತ್ತದಂತೆ ಎಂದು ಜನ ಆಡಿಕೊಂಡರು. ಗುತ್ತಿಗೆದಾರ ಮತ್ತೆ ಆತನನ್ನು ಕರೆಯಲಿಲ್ಲ. ಮನೆ, ಗೇಟು, ಟೆಂಪೋ ಬಣ್ಣದ ಕೆಲಸಗಳೂ ಬೇರೆಯವರ ಪಾಲಾದವು. ಕರೆಂಟು ಹೋದರೂ ಆತ ಈಗ ಸ್ಟೂಲು ಹೊರಗೆ ತರುತ್ತಿರಲಿಲ್ಲ. ಅಂಗಡಿಯೊಳಗಿಂದ ಸುಮ್ಮನೆ ನನ್ನ ಕಡೆ ನೋಡುತ್ತಿದ್ದ. ಸಮಯ ಬಂದಾಗ ನಾಲ್ಕು ಜನರ ಮುಂದೆ ನನ್ನ ಮಾನ ತೆಗೆಯಲು ಕಾಯುತ್ತಿದ್ದಾನೆ ಎಂದು ಹೆದರಿದೆ, ಹೆದರಿದಷ್ಟೂ ದ್ವೇಷಿಸಿದೆ. ಎರಡು ವರ್ಷ ಹಾಗೇ ಕಳೆಯಿತು. ಒಂದು ವಾರ ಆತನ ಅಂಗಡಿ ತೆರೆಯಲಿಲ್ಲ. ಆಮೇಲೆ ಸಾವಿನ ಸುದ್ದಿ ಬಂತು.

ಸತ್ತವರಿಗಾಗಿ ಪ್ರಾರ್ಥಿಸುವ ಮೂರನೇ ದಿನದ ಜಿಯಾರತಿಗೆ ಕಮಲಾಪುರಕ್ಕೆ ಹೋದೆ. ಆತನ ಹೆಂಡತಿಯನ್ನು ನೋಡಿದ್ದು ಅದೇ ಮೊದಲು. ಹೆಂಗಸರೆಲ್ಲ ಆಚೆ ಹೋದ ಮೇಲೆ ಅಡುಗೆಮನೆಯಲ್ಲಿ ಹೇಳಿದೆ: "ಚಾಚಿ, ಅವರ ಬಣ್ಣ ಚಲೋನೇ ಇತ್ತು. ನಾನೇ ನಾಲ್ಕನೇ ದಿನಕ್ಕ ಹಚ್ಚಿದ್ದೆ."

"ಮಾಲೂಮ್ ಅದ," ಅಂದಳು ಚಾಚಿ. "ಅವತ್ತೇ ಬಂದು ಹೇಳಿದ್ರು. ನೀವೇ ಹೋಗಿ ಎಲ್ಲರಿಗೂ ಹೇಳ್ರಿ ಅಂದೆ. ಆಕಿ ಸುಳ್ಳಿಗೆ ನಾ ಯಾಕ ಜವಾಬ್ ಕೊಡ್ಲಿ, ಆಕೀನೇ ಹೇಳ್ಲಿ ಅಂದ್ರು. ಎರಡು ವರ್ಷ ದಾರಿ ನೋಡಿದ್ರು." ಪಾತ್ರೆ ಕೆಳಗಿಟ್ಟು ನನ್ನ ಕಡೆ ತಿರುಗಿದಳು. "ಈಗ ನನಗ್ಯಾಕ ಹೇಳ್ತಿ? ಕೆರಿ ಮ್ಯಾಲ ಹೋಗಿ ಹೇಳು."

ಮರುದಿನ ಹೋದೆ. ಗುತ್ತಿಗೆದಾರ ಟಿಕೆಟು ಹರಿಯುತ್ತಲೇ ಕೇಳಿಸಿಕೊಂಡ. "ಹೋಗ್ಲಿ ಬಿಡ್ರಿ ಅಕ್ಕೋರೆ. ಆತನೇ ಹೋಗ್ಯಾನ, ಇನ್ನೇನು," ಅಂದು ಮುಂದಿನವರಿಗೆ ಚಿಲ್ಲರೆ ಕೊಟ್ಟ.

ಚಾಚಾ ಒಳ್ಳೆಯವನಾಗಿದ್ದ ಎಂದು ನಾನು ಈಗಲೂ ಹೇಳಲಾರೆ. ನನ್ನ ಬೋರ್ಡಿಗೆ ಉಗುಳಿದ್ದನ್ನು ಮರೆತಿಲ್ಲ, ಮರೆಯುವುದೂ ಇಲ್ಲ. ಆದರೆ ಇದನ್ನು ಕಲಬುರಗಿಯವರು ಯಾರಾದರೂ ಓದುತ್ತಿದ್ದರೆ ಕೇಳಿ: ಆತನ ಬಣ್ಣ ಗಟ್ಟಿಯಿತ್ತು. ಅದನ್ನು ಕಿತ್ತವಳು ನಾನು.